ಮೊದಲ ಮನೆ ಮತ್ತು ಇತರರ ಹಕ್ಕು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಜನ ಮನೆ ಕಟ್ಟುತ್ತಿದ್ದರು. ಅಜ್ಜ ಬಿಟ್ಟುಹೋದ ಜಾಗದಲ್ಲಿ ಮಗ ಗೋಡೆ ಎಬ್ಬಿಸುತ್ತಿದ್ದ, ಮೊಮ್ಮಗ ಹೆಂಚು ಬದಲಿಸುತ್ತಿದ್ದ. ಈಗ ಪೇಟೆಗಳಲ್ಲಿ ಬಹುಮಂದಿ ಮನೆಯನ್ನು ಕೊಳ್ಳುತ್ತಾರೆ. ಕಟ್ಟಿದವರು ಯಾರು, ಜಾಗ ಯಾರದಾಗಿತ್ತು, ಗೋಡೆಯಾಚೆ ಇರುವವರು ಯಾರು ಎಂಬುದು ಕೊಳ್ಳುವವನಿಗೆ ತಿಳಿದಿರುವುದಿಲ್ಲ. ಅವನ ಮುಂದೆ ಇರುವುದು ಒಂದು ದರ, ಒಂದು ನಕ್ಷೆ ಮತ್ತು ಬ್ಯಾಂಕಿನ ಒಂದು ಅರ್ಜಿ.

ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ ಸಲಹೆ ಕೊಡುವವರಿಗೇನೂ ಕೊರತೆಯಿಲ್ಲ. ನೀರು ನೋಡು, ರಸ್ತೆ ನೋಡು, ಬಸ್ಸು ನೋಡು, ಮುಂದೆ ಬೆಲೆ ಏರುತ್ತದೆಯೇ ನೋಡು ಎನ್ನುತ್ತಾರೆ. ಈ ಮಾತುಗಳೆಲ್ಲ ಸರಿಯೇ. ಆದರೆ ಇವೆಲ್ಲವೂ ‘ನನಗೇನು ಸಿಗುತ್ತದೆ’ ಎಂಬ ಒಂದೇ ಪ್ರಶ್ನೆಗೆ ಉತ್ತರಗಳು. ‘ನಾನು ಕೊಳ್ಳುವ ಈ ಮನೆಯಲ್ಲಿ ಬೇರೆಯವರದ್ದು ಏನೇನಿದೆ’ ಎಂದು ಕೇಳಿಕೊಳ್ಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಕೊಂಡ ಮನೆ ಕೋರ್ಟಿನಲ್ಲೂ ನಿಲ್ಲುವುದು ಕಷ್ಟ, ಮನಸ್ಸಿನಲ್ಲೂ ನಿಲ್ಲುವುದು ಕಷ್ಟ. ನೀತಿಯ ಮಾತು ಮತ್ತು ವ್ಯವಹಾರದ ಮಾತು ಬೇರೆ ಬೇರೆ ಎಂದು ನಾವು ಭಾವಿಸುವುದುಂಟು. ಮನೆಯ ವಿಷಯದಲ್ಲಂತೂ ಅವೆರಡೂ ಬಹಳ ದೂರದವರೆಗೆ ಒಂದೇ ದಾರಿಯಲ್ಲಿ ನಡೆಯುತ್ತವೆ.

ನಾನು ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತವನು. ಹಾಗಾಗಿ ಕನ್ನಡದ ಮನೆ ಪತ್ರಗಳನ್ನು ಓದುವಾಗ ಕೆಲವು ಶಬ್ದಗಳು ನನ್ನನ್ನು ನಿಲ್ಲಿಸುತ್ತವೆ. ಖರೀದಿ, ಮಾಲೀಕ, ವಾರಸುದಾರ, ದಸ್ತಾವೇಜು, ಕಬ್ಜಾ, ಕರಾರು, ಹಕ್ಕು - ಇವೆಲ್ಲ ಅರಬಿ, ಫಾರಸಿಯಿಂದ ಬಂದು ಕನ್ನಡದಲ್ಲೇ ಮನೆ ಮಾಡಿಕೊಂಡ ಶಬ್ದಗಳು. ಇವುಗಳಲ್ಲಿ ‘ಕರಾರು’ ಎಂಬುದನ್ನು ನೋಡಿ. ಕನ್ನಡದಲ್ಲಿ ಅದು ಒಪ್ಪಂದ. ಉರ್ದುವಿನಲ್ಲಿ ಅದಕ್ಕೆ ನೆಮ್ಮದಿ ಎಂಬ ಅರ್ಥವೂ ಇದೆ, ನೆಮ್ಮದಿ ಕಳೆದುಕೊಂಡವನು ಬೇಕರಾರ್. ‘ಹಕ್ಕು’ ಎಂದರೆ ನಮಗೆ ಸಿಗಬೇಕಾದದ್ದು. ಮೂಲ ಅರಬಿಯ ‘ಹಕ್’ ಎಂದರೆ ಸತ್ಯವೂ ಹೌದು, ಇನ್ನೊಬ್ಬರಿಗೆ ಸಲ್ಲಬೇಕಾದ ಪಾಲೂ ಹೌದು. ವಾಸಸ್ಥಾನಕ್ಕೆ ಹೇಳುವ ‘ಮಸ್ಕನ್’ ಎಂಬ ಪದವೂ ಶಾಂತಿಗೆ ಹೇಳುವ ‘ಸುಕೂನ್’ ಎಂಬ ಪದವೂ ಒಂದೇ ಧಾತುವಿನಿಂದ ಹುಟ್ಟಿದವು. ಭಾಷೆಯನ್ನು ಮಾಡಿದ ಹಿಂದಿನವರಿಗೆ ಒಂದು ವಿಷಯ ಸ್ಪಷ್ಟವಿದ್ದಂತೆ ಕಾಣುತ್ತದೆ. ಸತ್ಯವಿದ್ದರೆ ಹಕ್ಕು, ಕರಾರು ಉಳಿದರೆ ನೆಮ್ಮದಿ, ನೆಮ್ಮದಿ ಇದ್ದರೆ ಮಾತ್ರ ಅದು ಮನೆ.

ಮಾರುವವನ ಹಿಂದೆ ನಿಂತವರು

ಮನೆ ಮಾರುವವನು ಒಬ್ಬನೇ ಬಂದು ನಮ್ಮೆದುರು ಕೂರುತ್ತಾನೆ. ಆದರೆ ಅವನ ಬೆನ್ನ ಹಿಂದೆ ಯಾರು ಯಾರು ನಿಂತಿದ್ದಾರೆ ಎಂದು ನೋಡಬೇಕು. ನಮ್ಮ ಸಮಾಜದಲ್ಲಿ ಹಾಗೆ ನಿಂತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ತಂದೆ ತೀರಿಕೊಂಡ ಮೇಲೆ ಮನೆಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಾರೆ. ಅಕ್ಕತಂಗಿಯರಿಗೆ ‘ಮದುವೆ ಮಾಡಿ ಕೊಟ್ಟಿದ್ದೇವಲ್ಲ’ ಎಂಬ ಉತ್ತರ ಸಿಗುತ್ತದೆ. ಮುಸ್ಲಿಮರಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ ಬರಬೇಕೆಂಬುದು ಯಾರೂ ತಿದ್ದಲಾಗದ ನಿಯಮ. ಅದು ಮದುವೆಯ ಖರ್ಚಿನಿಂದ ಕಳೆಯುವಂಥದ್ದಲ್ಲ. ಹಿಂದೂ ಕುಟುಂಬಗಳ ಅವಿಭಕ್ತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಜನ್ಮದಿಂದಲೇ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಆದರೆ ಆಗ ಮದುವೆಯಾಗಿ ಹೋಗಿದ್ದವರು ಹೊರಗುಳಿದರು. 2005ರಲ್ಲಿ ಕೇಂದ್ರದ ಕಾನೂನು ಆ ಭೇದವನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಕಾನೂನು ಬೇರೆ ಬೇರೆ ಇರಬಹುದು, ಅಕ್ಕತಂಗಿಯರನ್ನು ಹೊರಗಿಡುವ ಚಾಳಿ ಮಾತ್ರ ಎಲ್ಲ ಧರ್ಮದವರಲ್ಲೂ ಒಂದೇ.

ಕೊಳ್ಳುವವರಿಗೆ ವಕೀಲರು ಹೇಳುತ್ತಾರೆ: ವಂಶವೃಕ್ಷ ತೆಗೆಸಿ, ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ. ಒಳ್ಳೆಯ ಸಲಹೆ. ಆದರೆ ಅಲ್ಲಿಗೇ ನಿಲ್ಲಬಾರದು ಎಂದು ನನಗನ್ನಿಸುತ್ತದೆ. ಸಹಿ ಹಾಕುವ ಆ ಹೆಣ್ಣುಮಗಳಿಗೆ ಹಣ ಸಿಕ್ಕಿದೆಯೇ? ಅಥವಾ ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ಸುಮ್ಮನೆ ರುಜು ಮಾಡುತ್ತಿದ್ದಾಳೆಯೇ? ‘ಅದು ಅವರ ಮನೆಯ ಒಳಗಿನ ವಿಷಯ’ ಎಂದು ನಾವು ತಪ್ಪಿಸಿಕೊಳ್ಳಬಹುದು. ಆದರೆ ಆ ಮನೆಯ ಒಳಗನ್ನೇ ಅಲ್ಲವೇ ನಾವು ಕೊಳ್ಳುತ್ತಿರುವುದು? ಬೆಲೆ ನಾಲ್ಕಾರು ಲಕ್ಷ ಕಡಿಮೆಯಾಗಿದ್ದರೆ ಆ ಕಡಿತ ಯಾರ ಪಾಲಿನಿಂದ ಬಂತು ಎಂದು ಕೇಳುವುದರಲ್ಲಿ ತಪ್ಪಿಲ್ಲ. ‘ನೋಂದಣಿಯ ದಿನ ಅಕ್ಕತಂಗಿಯರ ಪಾಲನ್ನು ಅವರವರ ಖಾತೆಗೇ ಬೇರೆ ಬೇರೆ ಚೆಕ್ಕಿನಲ್ಲಿ ಕೊಡುತ್ತೇನೆ’ ಎಂದು ಕೊಳ್ಳುವವನು ಷರತ್ತು ಹಾಕಿದರೆ ಎಷ್ಟೋ ಕುಟುಂಬಗಳಲ್ಲಿ ಆಗದ ನ್ಯಾಯ ಹೊರಗಿನವನಿಂದ ಆಗುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದಕ್ಕಿಂತ ಭದ್ರವಾದ ದಾಖಲೆ ಇನ್ನೊಂದಿಲ್ಲ.

ಹೆಣ್ಣುಮಕ್ಕಳ ಹಿಂದೆ ಇನ್ನೂ ಕೆಲವರು ನಿಂತಿರುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಕೊಟ್ಟ ಜಮೀನನ್ನು ಸರಕಾರದ ಅನುಮತಿಯಿಲ್ಲದೆ ಮಾರುವಂತಿಲ್ಲ ಎಂದು ಕರ್ನಾಟಕದಲ್ಲಿ 1978ರ ಕಾಯ್ದೆಯಿದೆ. ಹಾಗೆ ಮಾರಿದ ಜಮೀನು ಎಷ್ಟು ಕೈ ಬದಲಿಸಿದ್ದರೂ ಮೂಲದವರಿಗೆ ಮರಳಬೇಕು. ದೂರು ಕೊಡಲು ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಸ್ಪಷ್ಟಪಡಿಸಿತು. ಪಟ್ಟಣದ ಅಂಚಿನ ಬಡಾವಣೆಗಳಲ್ಲಿ ಸೈಟು ಕೊಳ್ಳುವವರು ಇದನ್ನು ನೋಡಲೇಬೇಕು. ಅದನ್ನು ‘ಲಿಟಿಗೇಷನ್ ಜಮೀನು’ ಎಂದು ಬೈಯುವ ಮೊದಲು, ಯಾವುದೋ ಒಂದು ದಲಿತ ಕುಟುಂಬ ಕಷ್ಟಕಾಲದಲ್ಲಿ ಅದನ್ನು ಎಷ್ಟಕ್ಕೆ ಕೈಬಿಟ್ಟಿತ್ತು ಎಂದೂ ಯೋಚಿಸಬೇಕು. ವಕ್ಫ್ ಆಸ್ತಿಯ ಮಾರಾಟ, ದಾನ, ಅಡಮಾನಗಳನ್ನು 2013ರ ತಿದ್ದುಪಡಿ ನಿಷೇಧಿಸಿದೆ. ಅನಾಥರಿಗೂ ವಿದ್ಯಾರ್ಥಿಗಳಿಗೂ ಎಂದು ಯಾರೋ ಬಿಟ್ಟುಹೋದ ಜಾಗವನ್ನು ಕೊಂಡವರಲ್ಲಿ ನಮ್ಮವರೂ ಇದ್ದಾರೆ, ಮಾರಿದವರಲ್ಲಿಯೂ ಇದ್ದಾರೆ.

ಕೊನೆಗೆ ಕೆರೆ ಮತ್ತು ಕಾಲುವೆ. ಅವಕ್ಕೆ ವಕೀಲರಿಲ್ಲ, ಆದರೆ ನೆನಪಿದೆ. 2016ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ರಾಜಕಾಲುವೆಯ ಮೇಲಿನ ಮನೆಗಳನ್ನು ಒಡೆದಾಗ, ಕೈಯಲ್ಲಿ ಕ್ರಯಪತ್ರ, ತೆರಿಗೆ ರಸೀದಿ ಹಿಡಿದು ರಸ್ತೆಯಲ್ಲಿ ನಿಂತ ಜನರನ್ನು ನಾವು ಕಂಡೆವು. 2022ರ ಸೆಪ್ಟೆಂಬರಿನ ಮಳೆಯಲ್ಲಿ ದುಬಾರಿ ಬಡಾವಣೆಗಳಲ್ಲೇ ದೋಣಿ ಬಿಡಬೇಕಾಯಿತು. ಹಳೆಯ ಗ್ರಾಮ ನಕ್ಷೆಯನ್ನು ತೆಗೆದು, ಕೆರೆ ಎಲ್ಲಿತ್ತು, ನೀರು ಎತ್ತ ಹರಿಯುತ್ತಿತ್ತು ಎಂದು ನೋಡುವುದಕ್ಕೆ ಒಂದು ದಿನ ಸಾಕು. ಖಾತೆ ಇದೆಯೆಂದರೆ ಎಲ್ಲ ಸರಿಯಿದೆ ಎಂದು ತಿಳಿಯುವವರಿದ್ದಾರೆ. ಖಾತೆ ಎಂಬುದು ಯಾರು ತೆರಿಗೆ ಕಟ್ಟುತ್ತಾರೆ ಎಂಬುದರ ದಾಖಲೆ, ಒಡೆತನದ ಪತ್ರವಲ್ಲ. ಮೂಲಪತ್ರಗಳ ಸರಪಳಿ, ಋಣಭಾರ ಪತ್ರ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ - ಈ ನಾಲ್ಕನ್ನೂ ಮಾರುವವನ ವಕೀಲನ ಕೈಗಲ್ಲ, ನಮ್ಮ ಹಣ ಪಡೆದು ನಮಗಾಗಿ ಓದುವ ವಕೀಲನ ಕೈಗೆ ಕೊಡಬೇಕು.

ಹೊಸ ಫ್ಲ್ಯಾಟು ಕೊಳ್ಳುವವರಿಗೆ 2016ರ ರೇರಾ ಕಾಯ್ದೆ ಒಂದಿಷ್ಟು ಆಸರೆ ಕೊಟ್ಟಿದೆ. 500 ಚದರ ಮೀಟರಿಗಿಂತ ದೊಡ್ಡ ಜಾಗದ ಅಥವಾ 8ಕ್ಕಿಂತ ಹೆಚ್ಚು ಮನೆಗಳ ಯೋಜನೆ ನೋಂದಣಿಯಾಗಬೇಕು. ನೋಂದಾಯಿತ ಕರಾರಿಲ್ಲದೆ ಬಿಲ್ಡರು ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ಶೇ. 70ನ್ನು ಆ ಯೋಜನೆಗೇ ಮೀಸಲಾದ ಬೇರೆ ಖಾತೆಯಲ್ಲಿ ಇಡಬೇಕು. ಮನೆ ಒಪ್ಪಿಸಿದ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಬಿಲ್ಡರೇ ಸರಿಪಡಿಸಬೇಕು. ‘ಇವೆಲ್ಲ ಬೇಡ ಬಿಡಿ, ನಂಬಿಕೆಯ ಮೇಲೆ ನಡೆಯೋಣ’ ಎಂದು ಒಬ್ಬ ನಮ್ಮ ಜಾತಿಯವನೋ ನಮ್ಮ ಜಮಾತಿನವನೋ ಹೇಳಿದರೆ, ಅಲ್ಲಿಂದ ಎದ್ದು ಬರುವುದು ಕ್ಷೇಮ. ನಂಬಿಕೆಗೆ ಅರ್ಹನಾದವನು ಬರೆದುಕೊಡಲು ಹಿಂಜರಿಯುವುದಿಲ್ಲ.

ಎರಡು ಬೆಲೆಗಳ ಮನೆ

ಇನ್ನೊಂದು ಪರೀಕ್ಷೆ ಬೆಲೆಯದು. ಮಾರುವವನು ಎರಡು ಬೆಲೆ ಹೇಳುತ್ತಾನೆ. ಒಂದು ನಿಜವಾದದ್ದು, ಇನ್ನೊಂದು ಕಾಗದಕ್ಕೆ. ನಡುವಿನ ಹಣ ಚೀಲದಲ್ಲಿ ಹೋಗಬೇಕು. ಕೊಳ್ಳುವವನಿಗೂ ಅದರಲ್ಲಿ ಆಸೆಯಿದೆ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ ಶೇ. 2ಕ್ಕೆ ಏರಿತು. 45 ಲಕ್ಷಕ್ಕೆ ಮೇಲ್ಪಟ್ಟ ಮನೆಗೆ ಮುದ್ರಾಂಕ ಶುಲ್ಕ, ಉಪಕರ ಎಲ್ಲ ಸೇರಿ ಶೇ. 7.6ರಷ್ಟಾಗುತ್ತದೆ. 50 ಲಕ್ಷದ ಮನೆಗೆ 3 ಲಕ್ಷ 80 ಸಾವಿರ. ಮೊದಲ ಮನೆಗೆ ಬಳೆ ಮಾರಿ ಬಂದವನಿಗೆ ಇದು ಸಣ್ಣ ಮೊತ್ತವಲ್ಲ.

ಆದರೂ ನೋಡಿ. 2015ರಿಂದ ಸ್ಥಿರಾಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವುದನ್ನು ಕಾನೂನು ನಿಷೇಧಿಸಿದೆ. ಅದನ್ನು ಬದಿಗಿಟ್ಟರೂ ಈ ಎರಡು ಬೆಲೆಯ ವ್ಯವಹಾರ ಕೊಳ್ಳುವವನನ್ನು ಬಲಹೀನನನ್ನಾಗಿ ಮಾಡುತ್ತದೆ. ನಾಳೆ ವ್ಯವಹಾರ ಮುರಿದರೆ ಚೀಲದಲ್ಲಿ ಹೋದ ಹಣಕ್ಕೆ ಸಾಕ್ಷಿ ಇಲ್ಲ. ಬ್ಯಾಂಕು ಸಾಲ ಕೊಡುವುದು ಕಾಗದದ ಬೆಲೆಗೆ. ಮುಂದೆ ಮಾರುವಾಗ ಕಾಗದದ ಬೆಲೆ ಕಡಿಮೆಯಿದ್ದಷ್ಟೂ ಲಾಭ ಹೆಚ್ಚಾಗಿ ಕಂಡು ತೆರಿಗೆ ಏರುತ್ತದೆ. ಅದಕ್ಕಿಂತ ಮುಖ್ಯವಾಗಿ, ಮನೆಯ ಮೊದಲ ಕಾಗದವೇ ಸುಳ್ಳಾದರೆ ‘ಹಕ್ಕು’ ಎಂಬ ಶಬ್ದದಲ್ಲಿ ಉಳಿಯುವುದೇನು? ಹೊಸ ಮನೆಗೆ ಹೋಗುವಾಗ ಒಬ್ಬರು ಕುರ್‌ಆನ್ ಓದಿಸುತ್ತಾರೆ, ಇನ್ನೊಬ್ಬರು ಗಣಹೋಮ ಮಾಡಿಸುತ್ತಾರೆ, ಮತ್ತೊಬ್ಬರು ಪಾದ್ರಿಗಳನ್ನು ಕರೆಸುತ್ತಾರೆ. ನಾವು ಬರೆದ ಸುಳ್ಳನ್ನು ತೊಳೆದುಕೊಡುವುದು ಇವುಗಳಲ್ಲಿ ಯಾವುದರ ಕೆಲಸವೂ ಅಲ್ಲ.

ಸಾಲ, ಬಡ್ಡಿ ಮತ್ತು ಅವಶ್ಯಕತೆ

ಈಗ ಮುಸ್ಲಿಮ್ ಓದುಗರು ಕಾಯುತ್ತಿರುವ ಪ್ರಶ್ನೆಗೆ ಬರಬೇಕು. ಬಡ್ಡಿ ಹರಾಮ್ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಬ್ಯಾಂಕಿನ ಗೃಹಸಾಲ ಬಡ್ಡಿಯ ಸಾಲ. ಹಾಗಾದರೆ ಸಂಬಳದ ಮೇಲೆ ಬದುಕುವ ಮುಸ್ಲಿಮ್ ಗುಮಾಸ್ತ, ಶಿಕ್ಷಕ, ನರ್ಸು ಮನೆ ಕೊಳ್ಳುವುದು ಹೇಗೆ?

ಬಡ್ಡಿಯ ಮೇಲಿನ ಆಕ್ಷೇಪವನ್ನು ಕೇವಲ ಧಾರ್ಮಿಕ ಕಟ್ಟಳೆಯೆಂದು ನೋಡುವ ಸಹೋದರ ಓದುಗರಿಗೆ ಒಂದು ಮಾತು. ಅದರ ತಿರುಳಿರುವುದು ಅಪಾಯದ ಹಂಚಿಕೆಯಲ್ಲಿ. ಮನೆಯ ಬೆಲೆ ಕುಸಿಯಲಿ, ಕೊಂಡವನ ಕೆಲಸ ಹೋಗಲಿ, ಗೋಡೆಯೇ ಬೀಳಲಿ, ಸಾಲ ಕೊಟ್ಟವನಿಗೆ ಬರಬೇಕಾದದ್ದು ಬರಲೇಬೇಕು. ಒಬ್ಬನಿಗೆ ನಿಶ್ಚಿತತೆ, ಇನ್ನೊಬ್ಬನಿಗೆ ಎಲ್ಲ ಅನಿಶ್ಚಿತತೆ. ಇದಕ್ಕೆ ಬದಲಾಗಿ ಹಣ ಕೊಡುವವನೂ ಮನೆಯಲ್ಲಿ ಪಾಲುದಾರನಾಗಿ, ತನ್ನ ಪಾಲಿಗೆ ಬಾಡಿಗೆ ಪಡೆಯುತ್ತ, ಸ್ವಲ್ಪ ಸ್ವಲ್ಪವಾಗಿ ತನ್ನ ಪಾಲನ್ನು ಮಾರಿಬಿಡುವ ಪದ್ಧತಿ ಹಲವು ದೇಶಗಳಲ್ಲಿದೆ. ನಮ್ಮಲ್ಲಿ ಅದು ಬ್ಯಾಂಕುಗಳಿಗೆ ಕಷ್ಟ. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಪ್ರಕಾರ ತನ್ನ ಸ್ವಂತ ಬಳಕೆಗಲ್ಲದ ಸ್ಥಿರಾಸ್ತಿಯನ್ನು ಬ್ಯಾಂಕು 7 ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಬಡ್ಡಿರಹಿತ ಬ್ಯಾಂಕಿಂಗಿಗೆ ಅವಕಾಶ ಕೊಡಬೇಕೆಂದು ರಘುರಾಮ್ ರಾಜನ್ ಅವರ ಸಮಿತಿ 2008ರಲ್ಲಿ ಹೇಳಿತ್ತು. ಆ ದಾರಿಯಲ್ಲಿ ಮುಂದುವರಿಯುವುದಿಲ್ಲ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ತಿಳಿಸಿತು.

ಈ ಖಾಲಿ ಜಾಗದಲ್ಲಿ ಎರಡು ಸಂಗತಿಗಳು ಬೆಳೆದವು. ಒಂದು, ‘ಹಲಾಲ್ ಹೂಡಿಕೆ’ಯ ಹೆಸರಿನ ಮೋಸ. 2019ರ ಜೂನಿನಲ್ಲಿ ಬೆಂಗಳೂರಿನ ಐಎಂಎ ಸಮೂಹ ಕುಸಿದು ಅದರ ಮುಖ್ಯಸ್ಥ ದೇಶ ಬಿಟ್ಟಾಗ ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ಬಡ್ಡಿ ಬೇಡವೆಂದು ಮನೆಯ ಹಣವನ್ನು ಅಲ್ಲಿಟ್ಟವರು ಮನೆಯನ್ನೂ ಕಳೆದುಕೊಂಡರು. ಒಂದು ವ್ಯವಹಾರಕ್ಕೆ ಅರಬಿ ಹೆಸರಿದ್ದ ಮಾತ್ರಕ್ಕೆ ಅದು ಹಲಾಲ್ ಆಗುವುದಿಲ್ಲ. ಲಾಭ ಎಲ್ಲಿಂದ ಬರುತ್ತಿದೆ ಎಂದು ಕೇಳುವುದೂ ಧರ್ಮದ ಭಾಗವೇ.

ಇನ್ನೊಂದು, ಭೋಗ್ಯದ ಮನೆ. ಮನೆಯವನಿಗೆ 10 ಲಕ್ಷ ಕೊಡುವುದು, ಮೂರು ವರ್ಷ ಬಾಡಿಗೆಯಿಲ್ಲದೆ ಇರುವುದು, ಕೊನೆಗೆ 10 ಲಕ್ಷವನ್ನೂ ವಾಪಸು ಪಡೆಯುವುದು. ‘ನಾವು ಬ್ಯಾಂಕಿನ ಬಡ್ಡಿಗೆ ಹೋಗಲಿಲ್ಲ’ ಎಂದು ಹೆಮ್ಮೆಯಿಂದ ಹೇಳುವ ಎಷ್ಟೋ ಮಂದಿ ಹೀಗೆ ಇದ್ದಾರೆ. ಆದರೆ ಇಲ್ಲಿ ಕೊಟ್ಟ ಹಣ ಪೂರ್ತಿ ಮರಳುವ ಸಾಲ, ಅದರ ಮೇಲೆ ಸಿಕ್ಕಿದ ಪುಕ್ಕಟೆ ವಾಸ ಅದರ ಲಾಭ. ಸಾಲ ಕೊಟ್ಟು ಲಾಭ ಪಡೆಯುವುದೇ ಬಡ್ಡಿಯಾದರೆ ಇದು ಏನು? ಬಹಳಷ್ಟು ಮುಫ್ತಿಗಳು ಇದನ್ನು ಒಪ್ಪುವುದಿಲ್ಲ. ಬ್ಯಾಂಕಿಗೆ ಬಡ್ಡಿ ಕೊಡುವುದಕ್ಕೆ ಹೆದರುವವನು ಮನೆಯವನಿಂದ ಬಡ್ಡಿ ಪಡೆಯುವುದಕ್ಕೆ ಹೆದರುವುದಿಲ್ಲವೆಂದರೆ ನಾವು ನಿಯಮದ ಶಬ್ದವನ್ನು ಹಿಡಿದು ಅರ್ಥವನ್ನು ಬಿಟ್ಟಿದ್ದೇವೆ ಎಂದಾಯಿತು.

ಫತ್ವಾ ಕೊಡುವುದು ಕತೆಗಾರನ ಕೆಲಸವಲ್ಲ. 1999ರಲ್ಲಿ ಯುರೋಪಿಯನ್ ಫತ್ವಾ ಮಂಡಳಿ ಅಲ್ಲಿನ ಮುಸ್ಲಿಮರಿಗೆ, ಬೇರೆ ದಾರಿಯಿಲ್ಲದಿದ್ದರೆ ತಾವೇ ವಾಸಿಸುವ ಒಂದು ಮನೆಗಾಗಿ ಬ್ಯಾಂಕ್ ಸಾಲ ಪಡೆಯಬಹುದು ಎಂದಿತು. ಅದನ್ನು ಒಪ್ಪದ ವಿದ್ವಾಂಸರೂ ಅನೇಕರಿದ್ದಾರೆ. ಓದುಗರು ತಾವು ನಂಬುವ ಆಲಿಮರನ್ನು ಕೇಳಲಿ. ನಾನು ಹೇಳಬಯಸುವುದು ‘ಅವಶ್ಯಕತೆ’ ಎಂಬ ಶಬ್ದದ ಬಗ್ಗೆ ಮಾತ್ರ. ಅವಶ್ಯಕತೆಗೆ ಒಂದು ಅಳತೆಯಿದೆ. ತಲೆಯ ಮೇಲೊಂದು ಸೂರು ಅವಶ್ಯಕತೆ. ಮೂರನೆಯ ಮಲಗುವ ಕೋಣೆ, ಗ್ರಾನೈಟಿನ ಮೆಟ್ಟಿಲು, ಭಾವನ ಮನೆಗಿಂತ ಒಂದು ಅಡಿ ಎತ್ತರದ ಗೇಟು ಅವಶ್ಯಕತೆಯಲ್ಲ. ಅವಶ್ಯಕತೆಯ ಹೆಸರಿನಲ್ಲಿ ಸಾಲಕ್ಕೆ ಒಪ್ಪಿದವನು ಸಾಲದ ಗಾತ್ರದಲ್ಲೂ ಅವಧಿಯಲ್ಲೂ ಅವಶ್ಯಕತೆಯಷ್ಟಕ್ಕೇ ನಿಲ್ಲಬೇಕು. ಆಸೆಯನ್ನು ಅವಶ್ಯಕತೆಯ ಬಾಗಿಲಿನಿಂದ ಒಳಗೆ ತರಬಾರದು.

ಈ ನೀತಿಯ ಮಾತು ಲೆಕ್ಕದಲ್ಲೂ ಸರಿ, ಯಾವ ಧರ್ಮದವರಿಗೂ ಸರಿ. ಶೇ. 8.5ರ ಬಡ್ಡಿಗೆ 30 ಲಕ್ಷವನ್ನು 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 26,035 ರೂಪಾಯಿ. ಮೊದಲ ಕಂತಿನಲ್ಲಿ 21,250 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 4,785 ಮಾತ್ರ. ಅಸಲಿನ ಅರ್ಧ ತೀರಲು ಹೆಚ್ಚುಕಡಿಮೆ 14 ವರ್ಷ ಬೇಕು. ಕೊನೆಗೆ ಕಟ್ಟಿದ ಒಟ್ಟು ಹಣ ಸುಮಾರು 62 ಲಕ್ಷ 48 ಸಾವಿರ. ಅದೇ ಸಾಲವನ್ನು 15 ವರ್ಷಕ್ಕೆ ಪಡೆದರೆ ಕಂತು 29,542 ಆಗುತ್ತದೆ. ತಿಂಗಳಿಗೆ 3,500 ರೂಪಾಯಿ ಹೆಚ್ಚು ಕಟ್ಟಿದವನು ಒಟ್ಟಿನಲ್ಲಿ 9 ಲಕ್ಷಕ್ಕೂ ಹೆಚ್ಚು ಉಳಿಸುತ್ತಾನೆ. ‘ಎಷ್ಟು ಸಾಲ ಸಿಗುತ್ತದೆ’ ಎಂದು ಬ್ಯಾಂಕನ್ನು ಕೇಳುವ ಬದಲು ‘ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೂ ಎಷ್ಟು ಕಟ್ಟಬಲ್ಲೆವು’ ಎಂದು ನಮ್ಮನ್ನು ನಾವೇ ಕೇಳಿಕೊಂಡರೆ ಸಿಗುವ ಉತ್ತರವೇ ಸರಿಯಾದದ್ದು.

ಬಳೆಗಳು ಮತ್ತು ಪತ್ರದ ಹೆಸರು

ಬ್ಯಾಂಕು ಮನೆಯ ಬೆಲೆಯನ್ನು ಪೂರ್ತಿ ಕೊಡುವುದಿಲ್ಲ. ಉಳಿದ ಹಣ ಬರುವುದು ಹೆಚ್ಚಾಗಿ ಹೆಂಡತಿಯ ಒಡವೆಯಿಂದ. ಎಲ್ಲ ಧರ್ಮದ ಮನೆಗಳಲ್ಲೂ ನಡೆಯುವುದು ಇದೇ. ಮದುವೆಯಲ್ಲಿ ತವರಿನವರು ಕೊಟ್ಟ ಬಳೆ, ಮೆಹರ್‌ನ ಸರ, ಬೀಡಿ ಕಟ್ಟಿ ಅಥವಾ ಬಟ್ಟೆ ಹೊಲಿದು ಮಾಡಿಸಿದ ಓಲೆ, ಎಲ್ಲವೂ ಅಂಗಡಿಗೆ ಹೋಗುತ್ತವೆ. ‘ನಮ್ಮದೇ ಮನೆಯಲ್ಲವೇ’ ಎಂದು ಅವಳೂ ಸಂತೋಷದಿಂದಲೇ ಬಿಚ್ಚಿ ಕೊಡುತ್ತಾಳೆ. ನೋಂದಣಿಯ ದಿನ ಪತ್ರದಲ್ಲಿ ಬರುವುದು ಗಂಡನ ಹೆಸರೊಂದೇ.

ಇಸ್ಲಾಮಿನಲ್ಲಿ ಮೆಹರ್ ಮತ್ತು ಒಡವೆ ಸಂಪೂರ್ಣವಾಗಿ ಹೆಂಡತಿಯ ಆಸ್ತಿ. ಅದರ ಮೇಲೆ ಗಂಡನಿಗೆ ಅಧಿಕಾರವಿಲ್ಲ. ಹಿಂದೂ ಹೆಣ್ಣಿನ ಸ್ತ್ರೀಧನವೂ ಹಾಗೆಯೇ. ಆದರೆ ಆ ಚಿನ್ನ ಇಟ್ಟಿಗೆಯಾದ ಮರುಕ್ಷಣ ಅವಳ ಹಕ್ಕು ಮಾಯವಾಗುತ್ತದೆ. ನಾಳೆ ಗಂಡ ತೀರಿಕೊಂಡರೆ, ಮಕ್ಕಳಿರುವ ಮುಸ್ಲಿಮ್ ವಿಧವೆಗೆ ಬರುವುದು ಎಂಟನೆಯ ಒಂದು ಪಾಲು. ಅದು ವಾರಸಿನ ಪಾಲು, ಸರಿ. ಆದರೆ ಮನೆಯ ಮೂರನೆಯ ಒಂದು ಭಾಗ ಅವಳ ಬಳೆಯಿಂದಲೇ ಬಂದಿದ್ದರೆ, ಆ ಭಾಗ ವಾರಸಿನಲ್ಲಿ ಹಂಚುವ ಸೊತ್ತೇ ಅಲ್ಲ, ಅದು ಮೊದಲಿನಿಂದಲೂ ಅವಳದ್ದು. ಪತ್ರದಲ್ಲಿ ಹೆಸರಿಲ್ಲದ ಕಾರಣ ತನ್ನದೇ ಸೊತ್ತಿನ ಎಂಟನೆಯ ಪಾಲಿಗೆ ಅವಳು ಕೈಯೊಡ್ಡಬೇಕಾಗುತ್ತದೆ. ಆಮೇಲೆ ನಾವು ಶರೀಅತ್ತನ್ನು ದೂರುತ್ತೇವೆ. ಶರೀಅತ್ತು ಕೊಟ್ಟಿದ್ದನ್ನು ನೋಂದಣಿ ಕಚೇರಿಯಲ್ಲಿ ಕಿತ್ತುಕೊಂಡವರು ನಾವೇ.

ಇದಕ್ಕೆ ಪರಿಹಾರ ಬಹಳ ಸುಲಭ. ಕ್ರಯಪತ್ರದಲ್ಲಿ ಇಬ್ಬರ ಹೆಸರನ್ನೂ ಬರೆಸಿ. ಯಾರು ಎಷ್ಟು ಹಾಕಿದ್ದಾರೋ ಅಷ್ಟು ಪಾಲು ಎಂದು ಅಂಕಿಯಲ್ಲೇ ಬರೆಸಿ. ಇದರಿಂದ ಪ್ರೀತಿ ಕಡಿಮೆಯಾಗುತ್ತದೆ ಎನ್ನುವವರು, ತಮ್ಮ ಹೆಸರು ಬರೆಸಿಕೊಳ್ಳುವಾಗ ಯಾಕೆ ಹಾಗೆ ಭಾವಿಸಲಿಲ್ಲ ಎಂದು ಕೇಳಿಕೊಳ್ಳಬೇಕು.

ಗೋಡೆಯಾಚೆಯ ಮನುಷ್ಯ

ಅರಬಿಯಲ್ಲಿ ಒಂದು ಗಾದೆಯಿದೆ: ‘ಅಲ್ ಜಾರ್ ಕಬ್ಲದ್ದಾರ್’. ಮನೆಗಿಂತ ಮೊದಲು ನೆರೆಯವನು ಎಂದು ಅದರ ಅರ್ಥ. ಮನೆ ಹುಡುಕುವವರು ಇದನ್ನು ಒಂದೇ ರೀತಿಯಲ್ಲಿ ತಿಳಿಯುತ್ತಾರೆ: ಒಳ್ಳೆಯ ನೆರೆಯನ್ನು ನೋಡಿ ಮನೆ ಹಿಡಿ. ‘ಒಳ್ಳೆಯ ನೆರೆ’ ಎಂದರೆ ನಮ್ಮಂಥವರು ಎಂದು ಅರ್ಥಮಾಡಿಕೊಳ್ಳುವುದು ಮುಂದಿನ ಹೆಜ್ಜೆ. ಇಲ್ಲಿಯೇ ನಾವು ಸ್ವಲ್ಪ ನಿಂತು ಯೋಚಿಸಬೇಕು.

ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ‘ಶುಫಾ’ ಎಂಬ ಹಕ್ಕಿದೆ. ಮನೆ ಮಾರುವಾಗ ಮೊದಲು ಪಾಲುದಾರನಿಗೆ, ಹನಫಿ ಪಂಥದ ಪ್ರಕಾರ ಪಕ್ಕದ ಮನೆಯವನಿಗೂ, ಅದೇ ಬೆಲೆಗೆ ಕೊಳ್ಳುವ ಆದ್ಯತೆ. ಭಾರತದಲ್ಲಿ ಹಲವೆಡೆ ಇದು ಕಾನೂನಾಗಿಯೋ ರೂಢಿಯಾಗಿಯೋ ಹಿಂದೂಗಳಿಗೂ ಅನ್ವಯವಾಗುತ್ತಿತ್ತು. 1962ರಲ್ಲಿ ಭಾವು ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪಾಲುದಾರನ ಆದ್ಯತೆ ಇರಲಿ, ಬರೀ ಪಕ್ಕದಲ್ಲಿದ್ದೇನೆ ಎಂಬ ಕಾರಣದ ಆದ್ಯತೆ ಸಂವಿಧಾನಕ್ಕೆ ಹೊಂದುವುದಿಲ್ಲ ಎಂದಿತು. ಪಕ್ಕದಲ್ಲಿ ಯಾರು ಬರಬೇಕು ಎಂದು ತೀರ್ಮಾನಿಸುವ ಅಧಿಕಾರ ನೆರೆಯವನಿಗಿಲ್ಲ ಎಂಬುದು ಅದರ ಸಾರ.

ಆದರೆ 2005ರಲ್ಲಿ ಅದೇ ನ್ಯಾಯಾಲಯ ಅಹಮದಾಬಾದಿನ ಒಂದು ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ, ತನ್ನ ಸಮುದಾಯದವರಿಗಷ್ಟೇ ಸದಸ್ಯತ್ವ ಕೊಡುವ ಸಂಘದ ನಿಯಮವನ್ನು ಎತ್ತಿಹಿಡಿಯಿತು. ಸಂಘ ಕಟ್ಟುವ ಸ್ವಾತಂತ್ರ್ಯ ಅದಕ್ಕೆ ಆಧಾರ. ಒಬ್ಬ ನೆರೆಯವನಿಗೆ ಇಲ್ಲದ ಅಧಿಕಾರ ಹತ್ತು ನೆರೆಯವರು ಸಂಘ ಕಟ್ಟಿಕೊಂಡರೆ ಸಿಗುತ್ತದೆ ಎಂದಾಯಿತು. ಅಳಿವಿನಂಚಿನ ಸಣ್ಣ ಸಮುದಾಯವೊಂದು ಒಟ್ಟಿಗೆ ಇರಬಯಸುವುದು ಅರ್ಥವಾಗುತ್ತದೆ. ಆದರೆ ಅದೇ ನಿಯಮ ದೊಡ್ಡ ಸಮುದಾಯದ ಕೈಗೆ ಬಂದಾಗ ಅದು ಬೇಲಿಯಾಗುತ್ತದೆ. ಮುಸ್ಲಿಮರಿಗೆ ಮನೆ ಕೊಳ್ಳಲು, ಬಾಡಿಗೆಗೆ ಪಡೆಯಲು ಕಷ್ಟವಾಗುತ್ತಿದೆ ಎಂಬುದನ್ನೂ, ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಿರುವ ಪ್ರದೇಶಗಳನ್ನು ಸಾಲಕ್ಕೆ ತಕ್ಕುದಲ್ಲವೆಂದು ಗುರುತಿಸಿದ್ದನ್ನೂ 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತು.

ಅಹಮದಾಬಾದಿನ ಜುಹಾಪುರದ ಕತೆ ಈ ಬೇಲಿಯ ಕತೆಯೇ. 1973ರ ಸಾಬರಮತಿ ಪ್ರವಾಹದಲ್ಲಿ ಗುಡಿಸಲು ಕಳೆದುಕೊಂಡ ಹಿಂದೂ, ಮುಸ್ಲಿಮ್ ಬಡವರಿಬ್ಬರಿಗೂ ಅಲ್ಲಿ ಮನೆ ಕೊಟ್ಟರು. ಒಂದೊಂದು ಗಲಭೆಯಾದಾಗಲೂ, ವಿಶೇಷವಾಗಿ 2002ರ ನಂತರ, ಒಂದು ಕಡೆಯವರು ಬಿಟ್ಟುಹೋದರು, ಇನ್ನೊಂದು ಕಡೆಯವರು ಬಂದು ಸೇರಿದರು. ವೈದ್ಯರು, ವಕೀಲರು, ನಿವೃತ್ತ ಅಧಿಕಾರಿಗಳು ಕೂಡ ಅಲ್ಲಿಗೇ ಬಂದರು, ಯಾಕೆಂದರೆ ಬೇರೆಡೆ ಮನೆ ಸಿಗಲಿಲ್ಲ, ಸಿಕ್ಕರೂ ಧೈರ್ಯವಾಗಲಿಲ್ಲ. ಗಲಭೆಯ ಭಯದಲ್ಲಿ ಜನ ಅಗ್ಗಕ್ಕೆ ಮನೆ ಮಾರದಿರಲಿ ಎಂದು ತಂದ ಗುಜರಾತಿನ 1991ರ ಅಶಾಂತ ಪ್ರದೇಶಗಳ ಕಾಯ್ದೆ, ಮಾರಾಟಕ್ಕೆ ಕಲೆಕ್ಟರರ ಅನುಮತಿ ಬೇಕೆಂದು ಹೇಳಿತು. ರಕ್ಷಣೆಗೆಂದು ಬಂದ ಆ ಕಾನೂನೇ ಕಾಲಕ್ರಮದಲ್ಲಿ ಗೆರೆಗಳನ್ನು ಗಟ್ಟಿಮಾಡಿತು.

ನಮ್ಮ ಊರುಗಳಲ್ಲಿ ಕಾನೂನಿಲ್ಲದೆಯೇ ಗೆರೆಗಳಿವೆ. ಹೆಸರು ಕೇಳಿದ ಮೇಲೆ ‘ಮನೆ ಆಗಲೇ ಮಾತಾಗಿದೆ’ ಎನ್ನುವ ದಲ್ಲಾಳಿಯನ್ನು ನಮ್ಮವರೆಲ್ಲ ಕಂಡಿದ್ದಾರೆ. ಆದರೆ ದಲಿತ ಕುಟುಂಬವೊಂದು ಬಾಡಿಗೆಗೆ ಕೇಳಿದಾಗ ಅದೇ ಮಾತನ್ನು ಹೇಳಿದ ಮುಸ್ಲಿಮ್ ಮನೆಯವರೂ ಇದ್ದಾರೆ. ನೊಂದವನು ನೋಯಿಸುವುದಿಲ್ಲ ಎಂಬ ಖಾತರಿ ಎಲ್ಲೂ ಇಲ್ಲ.

ಹಾಗಾದರೆ ನೆರೆಯವನ ಹಕ್ಕು ಎಂದರೇನು? ನನಗೆ ತೋಚುವುದು ಇಷ್ಟು. ನಾನು ಏನು ಮಾಡುತ್ತೇನೆ ಎಂಬುದರ ಮೇಲೆ ನನ್ನ ನೆರೆಯವನಿಗೆ ಹಕ್ಕಿದೆ, ನಾನು ಯಾರ ಹೊಟ್ಟೆಯಲ್ಲಿ ಹುಟ್ಟಿದೆ ಎಂಬುದರ ಮೇಲೆ ಇಲ್ಲ. ಅವನ ಕಿಟಕಿಗೆ ಬರುವ ಬೆಳಕನ್ನು ನಾನು ತಡೆಯಬಾರದು. 20 ವರ್ಷ ಅನುಭವಿಸಿದ ಗಾಳಿ ಬೆಳಕಿಗೆ 1882ರ ಅನುಭೋಗ ಕಾಯ್ದೆಯೇ ರಕ್ಷಣೆ ಕೊಟ್ಟಿದೆ. ನನ್ನ ಬಚ್ಚಲ ನೀರು ಅವನ ಅಂಗಳಕ್ಕೆ ಹೋಗಬಾರದು. ಬಿಡಬೇಕಾದ ಮೂರಡಿ ಜಾಗವನ್ನು ಬಿಡಬೇಕು. ಸಾವಿನ ಮನೆಯಾದಾಗ ನನ್ನ ಮನೆಯ ಹಬ್ಬದ ಸದ್ದು ತಗ್ಗಬೇಕು. ಇಷ್ಟನ್ನು ಅವನು ಕೇಳಬಹುದು, ಅಧಿಕಾರದಿಂದಲೇ ಕೇಳಬಹುದು. ಹದೀಸ್‌ಗಳಲ್ಲಿ ನೆರೆಯವನ ಹಕ್ಕಿನ ಬಗ್ಗೆ ಇರುವ ಒತ್ತು ನಮಗೆಲ್ಲ ಗೊತ್ತು. ಆ ನೆರೆಯವನು ಇಂಥ ಧರ್ಮದವನೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ. ‘ಮನೆಗಿಂತ ಮೊದಲು ನೆರೆ’ ಎಂಬ ಗಾದೆಯನ್ನು ತಿರುಗಿಸಿಯೂ ಓದಬಹುದು: ನಾನು ಮನೆ ಕೊಳ್ಳುವ ಮೊದಲು ಒಳ್ಳೆಯ ನೆರೆಯವನಾಗಲು ಸಿದ್ಧನಿದ್ದೇನೆಯೇ?

ಮಿಶ್ರ ಬಡಾವಣೆಯಲ್ಲೇ ಮನೆ ಕೊಳ್ಳಿ ಎಂದು ಉಪದೇಶ ಮಾಡುವುದು ಸುಲಭ. ಮಕ್ಕಳನ್ನು ಕಟ್ಟಿಕೊಂಡು, ಜೀವಮಾನದ ಹಣ ಹಾಕಿ ಕೊಳ್ಳುವವನಿಗೆ ಮತ್ತೊಬ್ಬರ ಆದರ್ಶದ ಭಾರವನ್ನು ಹೊರಿಸಲು ನಮಗೆ ಅಧಿಕಾರವಿಲ್ಲ. ಭಯದಿಂದ ಮೊಹಲ್ಲಾ ಸೇರಿದವನನ್ನು ದೂರುವುದಕ್ಕಿಂತ ಆ ಭಯ ಯಾಕೆ ಬಂತೆಂದು ಕೇಳುವುದು ನ್ಯಾಯ. ಆದರೆ ಮನೆ ಮಾರುವವನಿಗೆ, ಬಾಡಿಗೆ ಕೊಡುವವನಿಗೆ ಆಯ್ಕೆಯಿದೆ. ಇಂದು ಮೊದಲ ಮನೆ ಕೊಳ್ಳುವವನು ನಾಳೆ ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಡುತ್ತಾನೆ. ಕದ ತಟ್ಟಿದವನ ಹೆಸರನ್ನು ಅವನು ಯಾಕೆ ಕೇಳುತ್ತಾನೆ ಎಂಬುದರಲ್ಲಿ ಅವನ ಪರೀಕ್ಷೆಯಿದೆ.

ಕೊನೆಗೆ, ಮನೆ ಕೊಳ್ಳಲಾಗದವರ ಬಗ್ಗೆ ಒಂದು ಮಾತು. ಸ್ವಂತ ಮನೆಯಿಲ್ಲದವನು ಸೋತವನು ಎಂಬ ಭಾವನೆ ಈಗೀಗ ಗಟ್ಟಿಯಾಗುತ್ತಿದೆ. ಹೆಣ್ಣು ಕೊಡುವವರು ಮೊದಲು ಅದನ್ನೇ ವಿಚಾರಿಸುತ್ತಾರೆ. ಆ ಒತ್ತಡಕ್ಕೆ ಸಿಕ್ಕಿ ಅಳತೆ ಮೀರಿದ ಸಾಲಕ್ಕೆ ಇಳಿದವರು, ಮಕ್ಕಳ ಕಾಲೇಜು ಬಿಡಿಸಿದವರು, ವಯಸ್ಸಾದ ತಾಯಿಯ ಔಷಧಿಯನ್ನು ಮುಂದಿನ ತಿಂಗಳಿಗೆ ಮುಂದೂಡಿದವರು ನಮ್ಮ ನಡುವೆಯೇ ಇದ್ದಾರೆ. ಬಾಡಿಗೆ ಮನೆಯಲ್ಲಿ ಸಮಯಕ್ಕೆ ಬಾಡಿಗೆ ಕೊಟ್ಟು, ಯಾರ ಪಾಲನ್ನೂ ನುಂಗದೆ, ನೆರೆಯವರೊಡನೆ ಚೆನ್ನಾಗಿ ಬಾಳಿದವನಿಗೂ ಮನೆಯಿದೆ. ಇನ್ನು ಐದು ವರ್ಷ ಕಾಯಬೇಕಾದರೆ ಕಾಯುವುದರಲ್ಲಿ ಅವಮಾನವಿಲ್ಲ. ಸೋದರಿಯ ಪಾಲು ಸಂದ, ಹೆಂಡತಿಯ ಹೆಸರಿರುವ, ಕಾಗದದಲ್ಲಿ ನಿಜವಾದ ಬೆಲೆ ಬರೆದ ಎರಡು ಕೋಣೆಯ ಮನೆಯಲ್ಲಿ ಮನುಷ್ಯ ಬಾಗಿಲು ಬಡಿದ ಸದ್ದಿಗೆ ಬೆಚ್ಚದೆ ಮಲಗಬಲ್ಲ. ಮನೆ ಕೊಳ್ಳುವುದು ಅಷ್ಟಕ್ಕೇ ಅಲ್ಲವೇ?